ಬೆಳಕಿನಿಂದ ಹುಟ್ಟಿದ ಎಲೆಕ್ಟ್ರಾನ್ ಮತ್ತು ಹೋಲ್ ಅಂಟಿಕೊಂಡೇ ಇರುತ್ತವಾ, ಬೇರೆ ಆಗುತ್ತವಾ?

ಏಲಕ್ಕಿನಾಡು (ಹಾವೇರಿ):

ಎಲ್ಲರಿಗೂ ನಮಸ್ಕಾರ. ಪಿಯು ಎರಡನೇ ವರ್ಷದ ಮಕ್ಕಳಿಗೆ ಫಿಸಿಕ್ಸ್ ಹೇಳುತ್ತೇನೆ. ಈಗ ಸೆಮಿಕಂಡಕ್ಟರ್ ಪಾಠ ನಡೆದಿದೆ. ಕ್ಲಾಸಿನಲ್ಲಿ ಒಬ್ಬ ಹುಡುಗಿ ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಸುಮ್ನೆ ಏನೋ ಹೇಳಿ ಸಾಗಹಾಕಲು ನನಗೆ ಮನಸ್ಸಿಲ್ಲ, ಅದಕ್ಕೆ ಇಲ್ಲಿ ಹಾಕುತ್ತಿದ್ದೇನೆ.

ಅವರ ಹೊಲದಲ್ಲಿ ಸೋಲಾರ್ ಪಂಪ್‌ಸೆಟ್ ಇದೆ. ಅವಳು ಕೇಳಿದ್ದು ಹೀಗೆ: "ಸರ್, ಬೆಳಕು ಬಿದ್ದರೆ ಸಿಲಿಕಾನ್ ಒಳಗೆ ಎಲೆಕ್ಟ್ರಾನ್ ಮೇಲಿನ ಬ್ಯಾಂಡಿಗೆ ಹೋಗುತ್ತೆ, ಕೆಳಗೆ ಅದರ ಖಾಲಿ ಜಾಗ, ಅಂದರೆ ಹೋಲ್, ಉಳಿಯುತ್ತೆ ಅಂದ್ರಿ. ಒಂದು ನೆಗೆಟಿವ್, ಒಂದು ಪಾಸಿಟಿವ್. ಹುಟ್ಟಿದ್ದೂ ಒಂದೇ ಜಾಗದಲ್ಲಿ. ಹಂಗಿದ್ರೆ ಒಂದನ್ನೊಂದು ಎಳೆದುಕೊಂಡು ತಕ್ಷಣ ಸೇರಿಬಿಡಬೇಕಲ್ವಾ? ಪಂಪ್ ಹೇಗೆ ತಿರುಗುತ್ತೆ?"

ಪಾಠದ ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ. ಓದುತ್ತಾ ಹೋದಾಗ ಎಕ್ಸಿಟಾನ್ ಸಿಕ್ಕಿತು. ಎಲೆಕ್ಟ್ರಾನ್ ಮತ್ತು ಹೋಲ್ ಒಂದನ್ನೊಂದು ಹಿಡಿದುಕೊಂಡು ಒಟ್ಟಿಗೆ ಓಡಾಡುವ ಸ್ಥಿತಿಗೆ ಹಾಗೆನ್ನುತ್ತಾರೆ, ಅಷ್ಟು ತಿಳಿಯಿತು. ಆದರೆ ಬೆಳಕು ಬಿದ್ದಾಗ ಹುಟ್ಟುವುದೆಲ್ಲ ಎಕ್ಸಿಟಾನ್‌ಗಳಾ, ಅಥವಾ ಕೆಲವು ಕಡೆ ಮಾತ್ರವಾ? ಸಿಲಿಕಾನ್‌ನಲ್ಲಿ ಏನಾಗುತ್ತೆ? ಸುಲಭವಾಗಿ ಬೇರೆ ಆಗುತ್ತವೆ ಅನ್ನುವುದಾದರೆ ಎಲ್‌ಇಡಿ ಒಳಗೆ ಮತ್ತೆ ಸೇರಿ ಬೆಳಕು ಕೊಡುವುದು ಹೇಗೆ? ಅಂಕಿ ಸಮೇತ ಹೇಳಿದರೆ ತುಂಬಾ ಉಪಕಾರ. ಲೆಕ್ಕ ತೋರಿಸಿದರೆ ನಮ್ಮ ಮಕ್ಕಳು ನಂಬುತ್ತಾರೆ, ಬರೀ ಮಾತಿಗೆ ನಂಬುವುದಿಲ್ಲ.

ಸಾಧನಕೇರಿ (ಧಾರವಾಡ):

ಸರ್, ಆ ಹುಡುಗಿಗೆ ಮೊದಲು ನನ್ನ ಶಹಬ್ಬಾಸ್ ಹೇಳಿಬಿಡಿ. ಎಂಎಸ್ಸಿಗೆ ಬಂದವರು ಕೂಡ ಇದನ್ನು ಕೇಳುವುದಿಲ್ಲ.

ಅವಳು ಹೇಳಿದ ಸೆಳೆತ ನಿಜ. ಎಲ್ಲ ಸೆಮಿಕಂಡಕ್ಟರ್‌ನಲ್ಲೂ ಎಲೆಕ್ಟ್ರಾನ್ ಮತ್ತು ಹೋಲ್ ಒಂದನ್ನೊಂದು ಎಳೆಯುತ್ತವೆ. ಎಷ್ಟು ಜೋರಾಗಿ ಅನ್ನುವುದು ಮುಖ್ಯ. ಅದನ್ನು ನಿಮ್ಮ ಮಕ್ಕಳೇ ಲೆಕ್ಕ ಹಾಕಬಹುದು, ಏಕೆಂದರೆ ಬೋರ್ ಮಾದರಿ ಅವರಿಗೆ ಗೊತ್ತು. ಹೈಡ್ರೋಜನ್‌ನಲ್ಲಿ ಎಲೆಕ್ಟ್ರಾನನ್ನು ಕಿತ್ತುಹಾಕಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು, ತ್ರಿಜ್ಯ 0.053 ನ್ಯಾನೊಮೀಟರ್. ಈಗ ಪ್ರೋಟಾನ್ ಜಾಗದಲ್ಲಿ ಹೋಲ್ ಇಡಿ. ಎರಡು ವಿಷಯ ಬದಲಾಗುತ್ತವೆ. ಒಂದು, ಇವು ಖಾಲಿ ಜಾಗದಲ್ಲಿಲ್ಲ, ಹರಳಿನ ಒಳಗಿವೆ. ಸುತ್ತಲಿನ ಪರಮಾಣುಗಳು ನಡುವೆ ಬಂದು ಸೆಳೆತವನ್ನು ತಗ್ಗಿಸುತ್ತವೆ. ಡೈಎಲೆಕ್ಟ್ರಿಕ್ ಸ್ಥಿರಾಂಕ ಸಿಲಿಕಾನ್‌ಗೆ ಸುಮಾರು 11.7, ಗ್ಯಾಲಿಯಂ ಆರ್ಸನೈಡ್‌ಗೆ ಸುಮಾರು 12.9. ಬಂಧನ ಶಕ್ತಿಯನ್ನು ಇದರ ವರ್ಗದಿಂದ ಭಾಗಿಸಬೇಕು. ಎರಡು, ಹರಳಿನೊಳಗೆ ಎಲೆಕ್ಟ್ರಾನ್ ಮತ್ತು ಹೋಲ್ ಹಗುರವಾಗಿ ನಡೆದುಕೊಳ್ಳುತ್ತವೆ. ಗ್ಯಾಲಿಯಂ ಆರ್ಸನೈಡ್‌ನಲ್ಲಿ ಇಬ್ಬರ ರೆಡ್ಯೂಸ್ಡ್ ಮಾಸ್, ಅಂದರೆ ಜೋಡಿಯ ಚಲನೆಗೆ ಲೆಕ್ಕ ಹಿಡಿಯುವ ದ್ರವ್ಯರಾಶಿ, ಮಾಮೂಲಿ ಎಲೆಕ್ಟ್ರಾನಿನ 0.058 ರಷ್ಟು ಮಾತ್ರ.

ಈಗ ಗುಣಿಸಿ. 13.6 ಅನ್ನು 0.058 ರಿಂದ ಗುಣಿಸಿ, 12.9 ರ ವರ್ಗದಿಂದ ಭಾಗಿಸಿದರೆ ಸುಮಾರು 0.0047 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ. ಅಂದರೆ 5 ಮಿಲಿ ಎಲೆಕ್ಟ್ರಾನ್ ವೋಲ್ಟಿಗೂ ಕಡಿಮೆ. ಪ್ರಯೋಗದಲ್ಲಿ ಸಿಗುವುದು 4 ರ ಚಿಲ್ಲರೆ. ಇಷ್ಟು ಸರಳ ಲೆಕ್ಕ ಇಷ್ಟು ಹತ್ತಿರ ಬರುತ್ತದಲ್ಲ, ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ ಅದು. ತ್ರಿಜ್ಯವನ್ನೂ ಹೀಗೇ ಹಾಕಿ, ಸುಮಾರು 12 ನ್ಯಾನೊಮೀಟರ್. ಆ ಹರಳಿನ ಒಂದು ಯೂನಿಟ್ ಸೆಲ್ 0.565 ನ್ಯಾನೊಮೀಟರ್, ಅಂದಮೇಲೆ ಒಂದೇ ಎಕ್ಸಿಟಾನ್ ಹತ್ತಾರು ಸಾವಿರ ಯೂನಿಟ್ ಸೆಲ್‌ಗಳ ಮೇಲೆ ಹರಡಿಕೊಂಡಿರುತ್ತದೆ. "ಒಂದೇ ಜಾಗದಲ್ಲಿ ಹುಟ್ಟಿದ್ದು" ಎಂದಾಗ ಮಕ್ಕಳ ತಲೆಯಲ್ಲಿ ಒಂದು ಪರಮಾಣುವಿನ ಚಿತ್ರ ಬರುತ್ತದೆ. ಸಿಲಿಕಾನ್ ಅಥವಾ ಗ್ಯಾಲಿಯಂ ಆರ್ಸನೈಡ್‌ನಲ್ಲಿ ಆ ಚಿತ್ರ ಸರಿಹೊಂದುವುದಿಲ್ಲ. ಅಲ್ಲಿ ಎಲೆಕ್ಟ್ರಾನೂ ಹೋಲೂ ಯಾವ ಒಂದು ಪರಮಾಣುವಿಗೂ ಸೇರಿದವಲ್ಲ.

ಇನ್ನು ಇದನ್ನು ಬಿಸಿಯ ಜೊತೆ ಹೋಲಿಸಿ. ನಮ್ಮ ಕೋಣೆಯ ಬಿಸಿಯಲ್ಲಿ, ಅಂದರೆ 300 ಕೆಲ್ವಿನ್‌ನಲ್ಲಿ, ಬೋಲ್ಟ್ಜ್‌ಮನ್ ಸ್ಥಿರಾಂಕವನ್ನು ತಾಪಮಾನದಿಂದ ಗುಣಿಸಿದರೆ ಸಿಗುವುದು ಸುಮಾರು 26 ಮಿಲಿ ಎಲೆಕ್ಟ್ರಾನ್ ವೋಲ್ಟ್. ಹರಳಿನ ಪರಮಾಣುಗಳು ಸದಾ ಅದುರುತ್ತಾ ಕೊಡುವ ಏಟು ಈ ಅಳತೆಯದ್ದು. ಗ್ಯಾಲಿಯಂ ಆರ್ಸನೈಡ್ ಮತ್ತು ಜರ್ಮೇನಿಯಂನಲ್ಲಿ ಬಂಧನ 4 ರ ಆಸುಪಾಸು, ಸಿಲಿಕಾನ್‌ನಲ್ಲಿ 15, ಗ್ಯಾಲಿಯಂ ನೈಟ್ರೈಡ್‌ನಲ್ಲಿ 25 ರ ಹತ್ತಿರ, ಸತುವಿನ ಆಕ್ಸೈಡ್‌ನಲ್ಲಿ 60. ಒಂದೇ ಪದರ ದಪ್ಪದ ಮಾಲಿಬ್ಡಿನಂ ಡೈಸಲ್ಫೈಡ್‌ಗೆ ಬಂದರೆ ನೂರಾರು ಮಿಲಿ ಎಲೆಕ್ಟ್ರಾನ್ ವೋಲ್ಟ್, ಅಲ್ಲಿ ಸೆಳೆತ ತಗ್ಗಿಸಲು ಮೇಲೆ ಕೆಳಗೆ ವಸ್ತುವೇ ಇಲ್ಲ ನೋಡಿ. ಸಿದ್ಧಾರೂಢರ ಜಾತ್ರೆಯ ಗದ್ದಲದಲ್ಲಿ ಕಿರುಬೆರಳು ಹಿಡಿದು ಹೊರಟವರು ಎರಡು ಹೆಜ್ಜೆಗೆ ಬೇರೆ ಆಗುತ್ತಾರೆ, ಮುಂಗೈ ಗಟ್ಟಿ ಹಿಡಿದವರು ಉಳಿಯುತ್ತಾರೆ. ಹಾಗೆಯೇ ಇದು.

ಹಾಗಾಗಿ ಹೊಲದ ಪ್ಯಾನಲ್ಲಿನ ಸಿಲಿಕಾನ್‌ನಲ್ಲಿ ಬಹುಪಾಲು ಎಲೆಕ್ಟ್ರಾನ್ ಮತ್ತು ಹೋಲ್ ಬಿಡಿಬಿಡಿ ಆಗಿಯೇ ಇರುತ್ತವೆ. ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. 15 ಮತ್ತು 26 ಅಷ್ಟೇನೂ ದೂರದ ಸಂಖ್ಯೆಗಳಲ್ಲ ಅಲ್ವಾ? ಆದರೂ ಎಕ್ಸಿಟಾನ್ ಪಾಲು ತುಂಬಾ ಕಡಿಮೆ. ಏಕೆಂದರೆ ಬಿಡಿಯಾಗಿದ್ದರೆ ಅಲೆಯಲು ಜಾಗ ಬಹಳ. ಒಮ್ಮೆ ದೂರ ಆದವು ಮತ್ತೆ ಎದುರಾಗುವುದು ಅಪರೂಪ. ಎಷ್ಟು ಬಿಡಿ, ಎಷ್ಟು ಜೋಡಿ ಅನ್ನುವ ಈ ಲೆಕ್ಕಕ್ಕೆ ಬಳಸುವುದು ನಮ್ಮ ಮೇಘನಾದ ಸಾಹಾ ಅವರು 1920 ರಲ್ಲಿ ಬಿಸಿ ಅನಿಲದಲ್ಲಿ ಪರಮಾಣುಗಳು ಅಯಾನ್ ಆಗುವುದಕ್ಕೆ ಬರೆದ ಸಮೀಕರಣವನ್ನೇ. ಸೂರ್ಯನ ವಾತಾವರಣಕ್ಕೆ ಬರೆದದ್ದು ಸೂರ್ಯನ ಬೆಳಕು ಬಿದ್ದ ಸಿಲಿಕಾನ್‌ಗೂ ಹೊಂದುತ್ತದೆ. ಇದನ್ನು ನಿಮ್ಮ ಕ್ಲಾಸಿನಲ್ಲಿ ಖಂಡಿತ ಹೇಳಿ ಸರ್.

"ತಕ್ಷಣ ಸೇರಿಬಿಡಬೇಕಲ್ವಾ" ಅನ್ನುವ ಭಾಗಕ್ಕೆ ಬೇರೆ ಉತ್ತರ ಬೇಕು. ಹತ್ತಿರ ಬಂದರೂ ಸುಮ್ನೆ ಸೇರಲು ಆಗುವುದಿಲ್ಲ. ಸಿಲಿಕಾನ್‌ನಲ್ಲಿ ಮೇಲಿನ ಮತ್ತು ಕೆಳಗಿನ ಬ್ಯಾಂಡ್‌ಗಳ ನಡುವಿನ ಅಂತರ 1.12 ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನ್ ಕೆಳಗೆ ಬೀಳಬೇಕಾದರೆ ಅಷ್ಟು ಶಕ್ತಿಯನ್ನು ಯಾರಿಗಾದರೂ ಕೊಡಬೇಕು. ಬೆಳಕಾಗಿ ಕೊಡೋಣ ಅಂದರೆ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್ ಮತ್ತು ಹೋಲ್‌ಗಳ ಸಂವೇಗ ಬೇರೆ ಬೇರೆ. ಫೋಟಾನ್ ಸಂವೇಗ ಬಹಳ ಸಣ್ಣದು, ಆ ವ್ಯತ್ಯಾಸವನ್ನು ಹೊರಲಾರದು. ಹರಳಿನ ಅದುರುವಿಕೆಯೂ, ಅಂದರೆ ಫೋನಾನ್ ಕೂಡ, ಅದೇ ಗಳಿಗೆಯಲ್ಲಿ ಜೊತೆಗೆ ಸಿಗಬೇಕು. ಅದು ಅಪರೂಪ. ಆದ್ದರಿಂದ ಶುದ್ಧ ಸಿಲಿಕಾನ್‌ನಲ್ಲಿ ಇವು ಮಿಲಿಸೆಕೆಂಡ್‌ವರೆಗೂ ಬದುಕುತ್ತವೆ. ಗ್ಯಾಲಿಯಂ ಆರ್ಸನೈಡ್‌ನಲ್ಲಿ ಸಂವೇಗದ ತೊಂದರೆ ಇಲ್ಲ, ಅಲ್ಲಿ ಆಯುಷ್ಯ ಮಾಮೂಲಿಯಾಗಿ ನ್ಯಾನೊಸೆಕೆಂಡ್‌ಗಳಲ್ಲಿ. ಎಷ್ಟು ವ್ಯತ್ಯಾಸ ನೋಡಿ!

ಇತಿಹಾಸ ಬೇಕಾದರೆ: 1931 ರಲ್ಲಿ ಯಾಕೊವ್ ಫ್ರೆಂಕೆಲ್ ಈ ಕಲ್ಪನೆ ಕೊಟ್ಟರು, ಅವರದ್ದು ಒಂದೇ ಅಣುವಿನ ಅಳತೆಯ ಬಿಗಿ ಎಕ್ಸಿಟಾನ್. 1937 ರಲ್ಲಿ ಗ್ರೆಗರಿ ವಾನ್ಯೆ ನಾನು ಮೇಲೆ ಹೇಳಿದ ದೊಡ್ಡ, ಸಡಿಲ ಎಕ್ಸಿಟಾನ್ ಬಗ್ಗೆ ಬರೆದರು. 1952 ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಗ್ರೋಸ್ ಮತ್ತು ಕರ್ರಿಯೆವ್ ತಾಮ್ರದ ಆಕ್ಸೈಡ್ ಹರಳಿನಲ್ಲಿ ಹೈಡ್ರೋಜನ್ ತರಹದ್ದೇ ಗೆರೆಗಳ ಸಾಲನ್ನು ಕಂಡರು. 2014 ರಲ್ಲಿ ಅದೇ ಕ್ಯೂಪ್ರಸ್ ಆಕ್ಸೈಡ್‌ನಲ್ಲಿ 25 ನೇ ಮಟ್ಟದವರೆಗೂ ಗೆರೆ ಸಿಕ್ಕವು. ಆ ಎಕ್ಸಿಟಾನ್ ಅಗಲ ಮೈಕ್ರೊಮೀಟರ್ ಲೆಕ್ಕದ್ದು, ಒಂದು ಬ್ಯಾಕ್ಟೀರಿಯಾದಷ್ಟು ದೊಡ್ಡದು.

ಕಪ್ಪತಗುಡ್ಡ (ಗದಗ):

ನಾನು ಓದಿದ್ದು ಡಿಪ್ಲೊಮಾ, ಕೆಲಸ ಸೋಲಾರ್ ಪ್ಯಾನಲ್ ಕೂಡಿಸುವುದು. ಸಾಧನಕೇರಿಯವರು ಬರೆದದ್ದು ಮುಕ್ಕಾಲು ತಿಳಿಯಿತು. ಅದರಿಂದಲೇ ಒಂದು ಅನುಮಾನ ಹುಟ್ಟಿದೆ, ಬಿಡಿಸಿ ಹೇಳ್ರಿ.

ಬಿಸಿ ಇದ್ದರೆ ಜೋಡಿ ಬಿಡಿ ಆಗುತ್ತವೆ ಅಂದ್ರಿ. ಹಾಗಾದರೆ ಬಿಸಿ ಜಾಸ್ತಿ ಆದಷ್ಟೂ ಪ್ಯಾನಲ್ ಜಾಸ್ತಿ ಕರೆಂಟ್ ಕೊಡಬೇಕು, ಹೌದಿಲ್ಲೋ? ನಾವು ನೋಡುವುದು ಪೂರ್ತಿ ಉಲ್ಟಾ. ಏಪ್ರಿಲ್ ಮಧ್ಯಾಹ್ನ ಮುಂಡರಗಿ ಕಡೆ ಪ್ಯಾನಲ್ ಮುಟ್ಟಲು ಆಗುವುದಿಲ್ಲ, ಸೆಲ್ 60 ಡಿಗ್ರಿ ದಾಟಿರುತ್ತದೆ. ಆಗ ಪವರ್ ಇಳಿಯುತ್ತದೆ. ಪ್ಯಾನಲ್ ಹಿಂದಿನ ಚೀಟಿಯಲ್ಲೇ ಬರೆದಿರುತ್ತಾರೆ, 25 ಡಿಗ್ರಿ ಮೇಲೆ ಪ್ರತಿ ಡಿಗ್ರಿಗೆ ನೂರಕ್ಕೆ 0.3 ರಿಂದ 0.4 ಕಡಿಮೆ ಅಂತ. 330 ವ್ಯಾಟ್ ಪ್ಯಾನಲ್ 60 ಡಿಗ್ರಿಯಲ್ಲಿ 290 ರ ಹತ್ತಿರ ಬಂದು ನಿಲ್ಲುತ್ತದೆ. ರೈತರು ನಮ್ಮನ್ನು ಕೇಳುತ್ತಾರೆ, ಬಿಸಿಲು ಇಷ್ಟು ಜೋರು ಇದ್ದರೂ ನೀರು ಯಾಕೆ ಕಡಿಮೆ ಅಂತ. ಬಿಸಿಗೆ ಹಂಗೇ ಆಗುತ್ತದೆ ಅನ್ನುವುದು ಉತ್ತರ ಅಲ್ಲ. ಒಳಗೆ ಏನಾಗುತ್ತದೆ ಅಂತ ನನಗೆ ಬೇಕು.

ಇನ್ನೊಂದು. ಟ್ರೇನಿಂಗ್‌ನಲ್ಲಿ ನಮಗೆ ಹೇಳಿದ್ದು, ಹೋಲ್ ಜಾಸ್ತಿ ಇರುವ ಪಿ ಸಿಲಿಕಾನ್ ಮತ್ತು ಎಲೆಕ್ಟ್ರಾನ್ ಜಾಸ್ತಿ ಇರುವ ಎನ್ ಸಿಲಿಕಾನ್ ಕೂಡುವ ಜಂಕ್ಷನ್ ಒಳಗಿನ ವಿದ್ಯುತ್ ಕ್ಷೇತ್ರ ಜೋಡಿಯನ್ನು ಕಿತ್ತು ಬೇರೆ ಮಾಡುತ್ತದೆ ಅಂತ. ನೀವು ನೋಡಿದರೆ ಮೊದಲೇ ಬಿಡಿ ಆಗಿರುತ್ತವೆ ಅನ್ನುತ್ತೀರಿ. ಹಾಗಾದರೆ ಆ ಜಂಕ್ಷನ್ ಮಾಡುವ ಕೆಲಸ ಏನು?

ಸಾಧನಕೇರಿ (ಧಾರವಾಡ):

ಅಣ್ಣಾ, ಎರಡೂ ಸರಿಯಾದ ಜಾಗಕ್ಕೆ ಕೈ ಹಾಕಿದ ಪ್ರಶ್ನೆಗಳು. ಜಂಕ್ಷನ್‌ನಿಂದ ಶುರು ಮಾಡುತ್ತೇನೆ.

ಇವತ್ತಿನ ಸಿಲಿಕಾನ್ ಸೆಲ್ ದಪ್ಪ ನೂರೈವತ್ತು ಮೈಕ್ರೊಮೀಟರ್ ಆಸುಪಾಸು. ಜಂಕ್ಷನ್ ಒಳಗೆ ಕ್ಷೇತ್ರ ಇರುವ ಪಟ್ಟಿ ಒಂದು ಮೈಕ್ರೊಮೀಟರ್‌ಗೂ ಕಡಿಮೆ. ನೀಲಿ ಬೆಳಕು ಮೇಲಿನ ಒಂದು ಮೈಕ್ರೊಮೀಟರ್‌ನಲ್ಲೇ ಮುಗಿಯುತ್ತದೆ. ಕೆಂಪು ಮತ್ತು ಇನ್‌ಫ್ರಾರೆಡ್ ಒಳಗೆ ಆಳಕ್ಕೆ ಹೋಗುತ್ತವೆ. ಆದ್ದರಿಂದ ಬಹಳಷ್ಟು ಎಲೆಕ್ಟ್ರಾನ್ ಮತ್ತು ಹೋಲ್ ಹುಟ್ಟುವುದು ಕ್ಷೇತ್ರವೇ ಇಲ್ಲದ ಕಡೆ. ಅಲ್ಲಿ ಅವನ್ನು ಯಾರೂ ಎಳೆಯುವುದಿಲ್ಲ. ಬಿಸಿಯಿಂದ ಎತ್ತ ಬೇಕಾದರೆ ಅತ್ತ ಅಲೆಯುತ್ತವೆ. ಹಾಗೆ ಅಲೆಯುತ್ತಾ ಸಾಯುವ ಮೊದಲು ಎಷ್ಟು ದೂರ ಹೋಗುತ್ತವೆ ಅನ್ನುವುದು ಸೆಲ್‌ನ ಜೀವಾಳ. ಪಿ ಮಾದರಿಯ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್ ಎಷ್ಟು ಬೇಗ ಅಲೆದು ಹರಡುತ್ತದೆ ಎಂದು ಹೇಳುವ ಡಿಫ್ಯೂಷನ್ ಗುಣಾಂಕ ಸೆಕೆಂಡಿಗೆ 30 ಚದರ ಸೆಂಟಿಮೀಟರ್ ಅಂತ ಹಿಡಿಯಿರಿ, ಆಯುಷ್ಯ 100 ಮೈಕ್ರೊಸೆಕೆಂಡ್ ಅಂತ ಹಿಡಿಯಿರಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 550 ಮೈಕ್ರೊಮೀಟರ್. ಸೆಲ್ ದಪ್ಪಕ್ಕಿಂತ ಮೂರು ಪಟ್ಟು ಜಾಸ್ತಿ. ಅಂದರೆ ತಳದಲ್ಲಿ ಹುಟ್ಟಿದ ಎಲೆಕ್ಟ್ರಾನ್ ಕೂಡ ಸುಮ್ನೆ ಅಲೆದಾಡಿಯೇ ಜಂಕ್ಷನ್ ಮುಟ್ಟುತ್ತದೆ. ಮುಟ್ಟಿದ ಮೇಲೆ ಅದು ಎನ್ ಕಡೆಗೆ ದಾಟುತ್ತದೆ, ಹೋಲ್ ದಾಟಲಾರದು. ಒಂದು ಕಡೆ ಎಲೆಕ್ಟ್ರಾನ್‌ಗೆ ಮಾತ್ರ ದಾರಿ, ಇನ್ನೊಂದು ಕಡೆ ಹೋಲ್‌ಗೆ ಮಾತ್ರ ದಾರಿ. ಸೆಲ್ ಕೆಲಸ ಮಾಡುವುದು ಇದರಿಂದ. ಕಿತ್ತು ಬೇರೆ ಮಾಡುವ ಕೆಲಸವನ್ನು ಸಿಲಿಕಾನ್‌ನಲ್ಲಿ ಕ್ಷೇತ್ರ ಮಾಡಬೇಕಾಗಿಯೇ ಇಲ್ಲ, ಅದು ಬಿಸಿಯಿಂದ ಆಗಲೇ ಆಗಿಹೋಗಿದೆ.

ಈಗ ಏಪ್ರಿಲ್ ಬಿಸಿಲಿನ ಲೆಕ್ಕ. 25 ಡಿಗ್ರಿಯಲ್ಲೇ ಹೆಚ್ಚುಕಡಿಮೆ ಎಲ್ಲವೂ ಬಿಡಿ ಆಗಿವೆ. 60 ಡಿಗ್ರಿಗೆ ಹೋದರೆ ಇನ್ನೂ ಬಿಡಿಸಲು ಏನೂ ಉಳಿದಿಲ್ಲ, ಹಾಗಾಗಿ ಆ ಕಡೆಯಿಂದ ಲಾಭ ಇಲ್ಲ. ನಷ್ಟ ಬೇರೆ ಕಡೆಯಿಂದ ಬರುತ್ತದೆ. ಬೆಳಕು ಇಲ್ಲದಿದ್ದರೂ ಬಿಸಿಯಿಂದ ಸಿಲಿಕಾನ್ ಒಳಗೆ ತಾನಾಗಿ ಎಲೆಕ್ಟ್ರಾನ್ ಮತ್ತು ಹೋಲ್ ಹುಟ್ಟುತ್ತಿರುತ್ತವೆ, ಮತ್ತೆ ಸೇರುತ್ತಿರುತ್ತವೆ. ಶುದ್ಧ ಸಿಲಿಕಾನ್‌ನಲ್ಲಿ 300 ಕೆಲ್ವಿನ್‌ಗೆ ಇವುಗಳ ಸಂಖ್ಯೆ ಒಂದು ಘನ ಸೆಂಟಿಮೀಟರ್‌ಗೆ ಸುಮಾರು ಸಾವಿರ ಕೋಟಿ. 60 ಡಿಗ್ರಿಗೆ ಹೋದರೆ ಅದು ಹತ್ತು ಪಟ್ಟಿನ ಹತ್ತಿರ ಹೋಗುತ್ತದೆ. ಸೇರುವಿಕೆಯ ಸೋರಿಕೆ ಈ ಸಂಖ್ಯೆಯ ವರ್ಗದ ಪ್ರಕಾರ ಏರುತ್ತದೆ, ಅಂದರೆ ನೂರು ಪಟ್ಟು! ಆದ್ದರಿಂದ ವೋಲ್ಟೇಜ್ ಇಳಿಯುತ್ತದೆ, ಒಂದೊಂದು ಸೆಲ್‌ಗೆ ಡಿಗ್ರಿಗೆ 2 ಮಿಲಿವೋಲ್ಟ್ ಲೆಕ್ಕದಲ್ಲಿ. ಕರೆಂಟ್ ಮಾತ್ರ ನೀವು ಊಹಿಸಿದ ಹಾಗೆ ಚೂರು ಏರುತ್ತದೆ, ಏಕೆಂದರೆ ಬಿಸಿಗೆ ಬ್ಯಾಂಡ್ ಅಂತರ ಸ್ವಲ್ಪ ಕುಗ್ಗಿ ಇನ್ನಷ್ಟು ಇನ್‌ಫ್ರಾರೆಡ್ ಬೆಳಕು ಹಿಡಿಯುತ್ತದೆ. ಆ ಚೀಟಿಯಲ್ಲಿ ಕರೆಂಟ್ ಪಕ್ಕದಲ್ಲಿ ಪ್ಲಸ್ ಚಿಹ್ನೆ, ವೋಲ್ಟೇಜ್ ಪಕ್ಕದಲ್ಲಿ ಮೈನಸ್ ಇರುತ್ತದೆ, ನೋಡಿ. ಏರುವುದು ತೀರಾ ಸಣ್ಣದು, ಇಳಿಯುವುದು ದೊಡ್ಡದು.

ರೈತರಿಗೆ ಹೇಳಬೇಕಾದರೆ ಹೀಗೆ ಹೇಳಿ: ಬಿಸಿಲು ಮತ್ತು ಬಿಸಿ ಎರಡು ಬೇರೆ. ಪ್ಯಾನಲ್‌ಗೆ ಬಿಸಿಲು ಬೇಕು, ಬಿಸಿ ಬೇಡ. ತಾರಸಿಯ ಮೇಲೆ ಹಾಕುವಾಗ ಕೆಳಗೆ ಗಾಳಿ ಆಡಲು ಜಾಗ ಬಿಡುವುದು ಇದಕ್ಕೇ.

ಉಣಕಲ್ ಕೆರೆ (ಹುಬ್ಬಳ್ಳಿ):

ಎಲೆಕ್ಟ್ರಾನಿಕ್ಸ್ ಕಲಿಸುವವಳು ನಾನು. ಎಲ್‌ಇಡಿ ಪ್ರಶ್ನೆಗೆ ಯಾರೂ ಬಂದಿಲ್ಲ, ಅದನ್ನು ನಾನು ತೆಗೆದುಕೊಳ್ಳುತ್ತೇನೆ. ಅದಕ್ಕೂ ಮೊದಲು ಸಾಧನಕೇರಿಯವರ ಮಾತಿಗೆ ಒಂದು ಸೇರಿಕೆ. ಬಿಡಿ ಆಗಿವೆ ಅಂದಮಾತ್ರಕ್ಕೆ ಸೆಳೆತ ಸತ್ತಿದೆ ಅಂತ ಅಲ್ಲ. ಬಿಡಿಯಾಗಿ ಓಡಾಡುವ ಎಲೆಕ್ಟ್ರಾನ್ ಕೂಡ ಹೋಲ್ ಸುತ್ತಮುತ್ತ ಸ್ವಲ್ಪ ಜಾಸ್ತಿ ಹೊತ್ತು ಇರುತ್ತದೆ. ಆ ಕಾರಣಕ್ಕೆ ಬ್ಯಾಂಡ್ ಅಂಚಿನಲ್ಲಿ ಬೆಳಕು ಹೀರುವ ಪ್ರಮಾಣ ಸೆಳೆತ ಇಲ್ಲ ಅಂತ ಹಾಕಿದ ಲೆಕ್ಕಕ್ಕಿಂತ ಹೆಚ್ಚಿಗೆ ಬರುತ್ತದೆ. ಸಿಲಿಕಾನ್‌ಗೆ ಎಕ್ಸಿಟಾನ್ ಸಂಬಂಧವೇ ಇಲ್ಲ ಅಂತ ಮಕ್ಕಳು ಬರೆದುಕೊಳ್ಳಬಾರದು. ದ್ರವ ಸಾರಜನಕದಲ್ಲಿ ತಣ್ಣಗೆ ಮಾಡಿದರೆ, ಅಂದರೆ 77 ಕೆಲ್ವಿನ್‌ಗೆ ಹೋದರೆ, ಬಿಸಿಯ ಏಟು 6.6 ಮಿಲಿ ಎಲೆಕ್ಟ್ರಾನ್ ವೋಲ್ಟಿಗೆ ಇಳಿಯುತ್ತದೆ. ಆಗ ಸಿಲಿಕಾನ್‌ನ 15 ದೊಡ್ಡದಾಗಿಬಿಡುತ್ತದೆ.

ಈಗ ಎಲ್‌ಇಡಿ. ಇಲ್ಲಿ ನಮಗೆ ಸೇರಿಸುವುದೇ ಬೇಕು, ಅದೂ ಬೆಳಕು ಕೊಟ್ಟು ಸೇರಬೇಕು. ಸಿಲಿಕಾನ್ ಈ ಕೆಲಸಕ್ಕೆ ಬರುವುದಿಲ್ಲ, ಸಂವೇಗದ ಕಾರಣ ಮೇಲೆ ಬಂದಿದೆ. ನಮ್ಮ ಮನೆಯ ಬಿಳಿ ಬಲ್ಬಿನೊಳಗೆ ಇರುವುದು ಇಂಡಿಯಂ ಗ್ಯಾಲಿಯಂ ನೈಟ್ರೈಡ್. ಒಂದು ಕಡೆಯಿಂದ ಎಲೆಕ್ಟ್ರಾನ್ ತಳ್ಳುತ್ತೇವೆ, ಇನ್ನೊಂದು ಕಡೆಯಿಂದ ಹೋಲ್ ತಳ್ಳುತ್ತೇವೆ. ಎದುರಾದಾಗ ಸೇರಲಿ ಅಂತ ಬಿಟ್ಟರೆ ತುಂಬಾ ದೂರ ಹರಡಿಹೋಗುತ್ತವೆ, ಹರಳಿನ ದೋಷ ಇರುವ ಕಡೆ ಸಿಕ್ಕಿಬಿದ್ದು ಬರೀ ಬಿಸಿ ಕೊಟ್ಟು ಮುಗಿಯುತ್ತವೆ. ಅದಕ್ಕೆ ನಡುವೆ ಕೆಲವೇ ನ್ಯಾನೊಮೀಟರ್ ದಪ್ಪದ, ಬ್ಯಾಂಡ್ ಅಂತರ ಕಡಿಮೆ ಇರುವ ಪದರ ಇಡುತ್ತಾರೆ. ಇದು ಕ್ವಾಂಟಂ ವೆಲ್. ಎರಡೂ ಅದರೊಳಗೆ ಬಿದ್ದು ಹೊರಗೆ ಬರಲಾಗದೆ ಒಂದರ ಮೇಲೊಂದು ಇರುತ್ತವೆ. ಸೆಳೆತ ಅಷ್ಟು ಜೋರಿಲ್ಲದಿದ್ದರೂ ಗೋಡೆ ಕಟ್ಟಿ ಹತ್ತಿರ ಇಟ್ಟ ಹಾಗಾಯಿತು. ನೀಲಿ ಬೆಳಕು ಬರುತ್ತದೆ, 450 ನ್ಯಾನೊಮೀಟರ್ ಆಸುಪಾಸು. ಮೇಲೆ ಬಳಿದ ಹಳದಿ ಫಾಸ್ಫರ್ ಅದರಲ್ಲಿ ಸ್ವಲ್ಪ ಹೀರಿ ಹಳದಿ ಕೊಡುತ್ತದೆ, ಎರಡೂ ಬೆರೆತು ಬಿಳಿ. ಆ ನೀಲಿ ಎಲ್‌ಇಡಿಗೇ ಅಕಸಾಕಿ, ಅಮಾನೊ, ನಾಕಮುರಾ ಅವರಿಗೆ 2014 ರ ನೊಬೆಲ್ ಬಂದದ್ದು.

ಇದರಲ್ಲಿ ಒಂದು ಬಲು ಚೆಂದದ ಲೆಕ್ಕ ಇದೆ, ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಒಳಗಿರುವ ಎಲೆಕ್ಟ್ರಾನ್ ಸಾಂದ್ರತೆ ಎನ್ ಅಂತ ಇಟ್ಟುಕೊಳ್ಳಿ, ಹೋಲ್ ಕೂಡ ಅಷ್ಟೇ. ದೋಷದಲ್ಲಿ ಸಿಕ್ಕಿ ಸಾಯಲು ಒಂದೇ ಕಣ ಸಾಕು, ಹಾಗಾಗಿ ಆ ನಷ್ಟ ಎನ್ ಪ್ರಕಾರ ಏರುತ್ತದೆ. ಇದರ ಸಿದ್ಧಾಂತ 1952 ರಲ್ಲಿ ಶಾಕ್ಲಿ, ರೀಡ್ ಮತ್ತು ಹಾಲ್ ಕೊಟ್ಟದ್ದು. ಬೆಳಕು ಕೊಡಲು ಎಲೆಕ್ಟ್ರಾನ್ ಒಂದು, ಹೋಲ್ ಒಂದು, ಎರಡು ಬೇಕು, ಆದ್ದರಿಂದ ಎನ್ ವರ್ಗ. ಮೂರನೆಯದು ಓಜೆ. ಅಲ್ಲಿ ಎಲೆಕ್ಟ್ರಾನ್ ಮತ್ತು ಹೋಲ್ ಸೇರಿ ಬಂದ ಶಕ್ತಿಯನ್ನು ಪಕ್ಕದಲ್ಲಿದ್ದ ಮೂರನೆಯ ಕಣ ಹೊತ್ತೊಯ್ದು ಬಿಸಿ ಮಾಡಿ ಮುಗಿಸುತ್ತದೆ, ಅದು ಎನ್ ಘನ. ಕರೆಂಟ್ ತೀರಾ ಕಡಿಮೆ ಇದ್ದರೆ ಮೊದಲನೆಯದು ತಿನ್ನುತ್ತದೆ, ತೀರಾ ಜಾಸ್ತಿ ಆದರೆ ಮೂರನೆಯದು ತಿನ್ನುತ್ತದೆ. ನಡುವೆ ಎಲ್‌ಇಡಿಗೆ ಒಂದು ಒಳ್ಳೆಯ ಜಾಗ ಇರುತ್ತದೆ. ಬಲ್ಬಿನಲ್ಲಿ ಒಂದೇ ಚಿಪ್ಪಿಗೆ ಸಿಕ್ಕಾಪಟ್ಟೆ ಕರೆಂಟ್ ಕೊಡದೆ ಹಲವಾರು ಸಣ್ಣ ಚಿಪ್ ಹರಡಿ ಇಡುವುದಕ್ಕೆ ಇದೂ ಒಂದು ಕಾರಣ.

ಇನ್ನು ಮೊಬೈಲ್ ಪರದೆಯ ಓಎಲ್‌ಇಡಿ. ಅದರ ಕಥೆಯೇ ಬೇರೆ. ಸಾವಯವ ಅಣುಗಳಲ್ಲಿ ಡೈಎಲೆಕ್ಟ್ರಿಕ್ ಸ್ಥಿರಾಂಕ 3 ರಿಂದ 4 ಮಾತ್ರ, ಎಕ್ಸಿಟಾನ್ ಒಂದೆರಡು ಅಣುಗಳಷ್ಟೇ ಸಣ್ಣದು, ಬಂಧನ ಅರ್ಧ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು. ಕೋಣೆಯ ಬಿಸಿ ಅದನ್ನು ಅಲುಗಿಸಲೂ ಆರದು. ಇದು ಫ್ರೆಂಕೆಲ್ ಹೇಳಿದ ಜಾತಿ. ಬೆಳಕು ಬೇಕಾದವರಿಗೆ ಇದು ಅನುಕೂಲ, ಆದರೆ ಸ್ಪಿನ್, ಅಂದರೆ ಕಣದ ಸಹಜ ತಿರುಗುವ ಗುಣ, ಅಡ್ಡ ಬರುತ್ತದೆ. ಎಲೆಕ್ಟ್ರಾನ್ ಮತ್ತು ಹೋಲ್ ಹೇಗೆ ಬೇಕೋ ಹಾಗೆ ಸಿಕ್ಕಾಗ ನಾಲ್ಕರಲ್ಲಿ ಒಂದು ಸಿಂಗ್ಲೆಟ್ (ಸ್ಪಿನ್ ಒಂದಕ್ಕೊಂದು ರದ್ದಾದ ಜೋಡಿ), ಮೂರು ಟ್ರಿಪ್ಲೆಟ್ (ಸ್ಪಿನ್ ಕೂಡಿದ ಜೋಡಿ). ಮಾಮೂಲಿ ಅಣುಗಳಲ್ಲಿ ಸಿಂಗ್ಲೆಟ್ ಮಾತ್ರ ಬೆಳಕು ಕೊಡುತ್ತದೆ, ಉಳಿದ 75 ಪ್ರತಿಶತ ವ್ಯರ್ಥ. ಇರಿಡಿಯಂ ತರಹದ ಭಾರದ ಲೋಹ ಸೇರಿಸಿದ ಅಣುಗಳಲ್ಲಿ ಟ್ರಿಪ್ಲೆಟ್ ಕೂಡ ಬೆಳಗುತ್ತದೆ.

ಅದೇ ಸಾವಯವ ವಸ್ತುವಿನಲ್ಲಿ ಸೋಲಾರ್ ಸೆಲ್ ಮಾಡಹೊರಟರೆ ಆ ಹುಡುಗಿಯ ಪ್ರಶ್ನೆ ಪೂರ್ತಿ ನಿಜವಾಗುತ್ತದೆ. ಅಲ್ಲಿ ಜೋಡಿ ನಿಜಕ್ಕೂ ಬಿಡುವುದಿಲ್ಲ. ಎಕ್ಸಿಟಾನ್ ಮೇಲೆ ಒಟ್ಟು ಚಾರ್ಜ್ ಸೊನ್ನೆ, ಕ್ಷೇತ್ರ ಹಾಕಿದರೆ ಯಾವ ಕಡೆಗೂ ಹೋಗುವುದಿಲ್ಲ. ಶಕ್ತಿ ಹೊತ್ತು ತಿರುಗುತ್ತದೆ, ಕರೆಂಟ್ ಕೊಡುವುದಿಲ್ಲ. 1986 ರಲ್ಲಿ ಚಿಂಗ್ ಟಾಂಗ್ ಎರಡು ಬೇರೆ ಸಾವಯವ ಪದರಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರು. ಗಡಿಯಲ್ಲಿ ಎಲೆಕ್ಟ್ರಾನ್‌ಗೆ ಆಚೆ ಪದರದಲ್ಲಿ ಕೆಳಗಿನ ಮಟ್ಟ ಸಿಗುತ್ತದೆ, ಅದು ಆಚೆ ಜಿಗಿಯುತ್ತದೆ, ಹೋಲ್ ಈಚೆ ಉಳಿಯುತ್ತದೆ. ಆದರೆ ಹಳೆಯ ವಸ್ತುಗಳಲ್ಲಿ ಎಕ್ಸಿಟಾನ್ ಸಾಯುವ ಮೊದಲು ಅಲೆಯುವ ದೂರ ಹತ್ತು ನ್ಯಾನೊಮೀಟರ್ ಆಸುಪಾಸು. ಸಿಲಿಕಾನ್‌ನ 550 ಮೈಕ್ರೊಮೀಟರ್ ಪಕ್ಕದಲ್ಲಿ ಇಟ್ಟು ನೋಡಿ. ಅದಕ್ಕೇ ಎರಡೂ ವಸ್ತುಗಳನ್ನು ಕಲಸಿ, ಎಲ್ಲಿ ಹುಟ್ಟಿದರೂ ಹತ್ತಿರದಲ್ಲೇ ಗಡಿ ಸಿಗುವ ಹಾಗೆ ಮಾಡುತ್ತಾರೆ. ಪ್ರಯೋಗಾಲಯದಲ್ಲಿ ಇಂಥ ಸೆಲ್‌ಗಳು 19 ಪ್ರತಿಶತ ದಾಟಿವೆ.

ತುಂಬೆಹೂ (ಧಾರವಾಡ):

ಉಣಕಲ್ ಕೆರೆ ಮೇಡಂ, ತುಂಬಾ ಥ್ಯಾಂಕ್ಸ್. ನಾನು ಎಂಎಸ್ಸಿ ಎರಡನೇ ವರ್ಷ. ಪೆರೊವ್‌ಸ್ಕೈಟ್ ಎಂಬ ಹರಳಿನ ವಸ್ತುವಿನ ಸೋಲಾರ್ ಸೆಲ್ ಮೇಲೆ ಸೆಮಿನಾರ್ ಕೊಡಬೇಕು. ಅದರಲ್ಲಿ ಎಕ್ಸಿಟಾನ್ ಇದೆ ಅಂತ ಕೆಲವರು, ಬಿಡಿ ಕಣ ಅಂತ ಕೆಲವರು ಬರೆದಿದ್ದಾರೆ. ಯಾವುದನ್ನು ನಂಬಲಿ? ಮತ್ತೆ, ನಮ್ಮ ಲ್ಯಾಬಿನಲ್ಲಿ ಇರುವುದು ಯಾವ ಬಣ್ಣದ ಬೆಳಕು ಎಷ್ಟು ಹೀರಿತು ಅಂತ ಅಳೆಯುವ ಮಾಮೂಲಿ ಯುವಿ ವಿಸಿಬಲ್ ಸ್ಪೆಕ್ಟ್ರೊಮೀಟರ್. ದ್ರವ ಸಾರಜನಕ ಇಲ್ಲದೆ ಎಕ್ಸಿಟಾನ್ ಕಣ್ಣಾರೆ ನೋಡಲು ದಾರಿ ಇದೆಯಾ?

ಸಾಧನಕೇರಿ (ಧಾರವಾಡ):

ಪೆರೊವ್‌ಸ್ಕೈಟ್ ವಿಷಯದಲ್ಲಿ ಮೊದಮೊದಲು 50 ಮಿಲಿ ಎಲೆಕ್ಟ್ರಾನ್ ವೋಲ್ಟ್‌ವರೆಗೂ ಅಂದಾಜು ಬಂದಿತ್ತು. 2015 ರಲ್ಲಿ ಭಾರಿ ಕಾಂತಕ್ಷೇತ್ರದಲ್ಲಿ ಅಳೆದಾಗ ಮೀಥೈಲ್ ಅಮೋನಿಯಂ ಲೆಡ್ ಅಯೊಡೈಡ್‌ಗೆ ತಣ್ಣಗಿನ ಸ್ಥಿತಿಯಲ್ಲಿ 16 ರಷ್ಟು ಸಿಕ್ಕಿತು, ಕೋಣೆಯ ಬಿಸಿಯಲ್ಲಿ ಇನ್ನೂ ಕಡಿಮೆ. ಆದ್ದರಿಂದ ಸೆಲ್ ನಡೆಯುವ ಬಿಸಿಯಲ್ಲಿ ಬಿಡಿ ಕಣಗಳೇ ಮುಖ್ಯ. ಹಾಳೆ ಹಾಳೆಯಾಗಿ ಜೋಡಿಸಿದ ಎರಡು ಆಯಾಮದ ಪೆರೊವ್‌ಸ್ಕೈಟ್ ಆದರೆ ಬಂಧನ ನೂರಾರು, ಅಲ್ಲಿ ಎಕ್ಸಿಟಾನ್‌ದೇ ಆಟ. ಎರಡು ಗುಂಪಿನ ಪೇಪರ್ ಓದುವಾಗ ಯಾವ ವಸ್ತು, ಎಷ್ಟು ಬಿಸಿ, ಎಷ್ಟು ಸಾಂದ್ರತೆ ಅಂತ ಮೊದಲು ನೋಡು ತಂಗಿ. ಸಾಂದ್ರತೆಯನ್ನು ಮರೆಯಬೇಡ. ಲೇಸರ್ ಜೋರಾಗಿ ಹೊಡೆದು ಜೋಡಿಗಳನ್ನು ಒತ್ತೊತ್ತಾಗಿ ತುಂಬಿದರೆ ಒಂದರ ಸೆಳೆತಕ್ಕೆ ಇನ್ನೊಂದು ಅಡ್ಡ ಬಂದು ಎಕ್ಸಿಟಾನ್‌ಗಳೇ ಕರಗಿ ಬಿಡಿ ಕಣಗಳ ಗುಂಪಾಗುತ್ತದೆ. ಇದನ್ನು ಮಾಟ್ ಪರಿವರ್ತನೆ ಎನ್ನುತ್ತಾರೆ. ಬಹಳ ಜನ ಲೇಸರ್ ಪವರ್ ಬರೆಯದೆ ತೀರ್ಮಾನ ಮಾತ್ರ ಬರೆಯುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ.

ಕೋಣೆಯಲ್ಲೇ ನೋಡಬೇಕಾದರೆ ಸತುವಿನ ಆಕ್ಸೈಡ್ ಹಿಡಿ. ಬಂಧನ 60, ಬಿಸಿಯ ಏಟು 26, ಅಂದಮೇಲೆ ಉಳಿಯುತ್ತದೆ. ಜಿಂಕ್ ಅಸಿಟೇಟ್‌ನಿಂದ ಸೋಲ್ ಜೆಲ್ ವಿಧಾನದಲ್ಲಿ, ಅಂದರೆ ದ್ರಾವಣ ಬಳಿದು ಗಟ್ಟಿ ಮಾಡಿ, ಗಾಜಿನ ಮೇಲೆ ತೆಳು ಪದರ ಮಾಡಿ, 400 ಡಿಗ್ರಿ ಮೇಲೆ ಫರ್ನೇಸ್‌ನಲ್ಲಿ ಕಾಯಿಸು. ಹೀರಿಕೆಯ ಗ್ರಾಫಿನಲ್ಲಿ 370 ನ್ಯಾನೊಮೀಟರ್ ಸುತ್ತ ಅಂಚು ಸುಮ್ನೆ ನೇರ ಏರದೆ ಒಂದು ಉಬ್ಬು ತೋರಿಸುತ್ತದೆ. ಅದು ಎಕ್ಸಿಟಾನ್. ಪದರ ದಪ್ಪ ಆದರೆ ಉಬ್ಬು ಮುಚ್ಚಿಹೋಗುತ್ತದೆ, ತೆಳುವಾಗಿ ಇರಲಿ.

ಉಣಕಲ್ ಕೆರೆ (ಹುಬ್ಬಳ್ಳಿ):

ಇದನ್ನು ಟಾಕ್ ಪ್ಲಾಟ್ ಹಾಕಿ, ಅಂದರೆ ಹೀರಿಕೆಯ ಗ್ರಾಫಿನ ಏರಿಗೆ ನೇರ ಗೆರೆ ಎಳೆದು, ಬ್ಯಾಂಡ್ ಅಂತರ ತೆಗೆಯುವವರಿಗೂ ಹೇಳಬೇಕು. ಉಬ್ಬು ಇರುವ ಕಡೆ ಗೆರೆ ಎಳೆದರೆ ಸಿಗುವ ಅಂತರ ನಿಜಕ್ಕಿಂತ ಕಡಿಮೆ ಬರುತ್ತದೆ. ಎಷ್ಟೊಂದು ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಇದೇ ಆಗುತ್ತದೆ.

ಏಲಕ್ಕಿನಾಡು ಸರ್, ಪಿಯು ಮಕ್ಕಳಿಗೆ ಸ್ಪೆಕ್ಟ್ರೊಮೀಟರ್ ಬೇಡ. ಒಂದು ಕೆಂಪು ಎಲ್‌ಇಡಿ, ಒಂದು ನೀಲಿ ಎಲ್‌ಇಡಿ, ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಕ್ಲಿಯರ್ ಗಾಜಿನಂಥ ತಲೆ ಇರುವ ಎಲ್‌ಇಡಿ ತನ್ನಿ, ಬಣ್ಣದ ತಲೆ ಬೇಡ. ಬ್ಯಾಟರಿ ಇಲ್ಲದೆ ಕೆಂಪು ಎಲ್‌ಇಡಿಯ ಎರಡು ಕಾಲಿಗೆ ಮೀಟರ್ ಹಚ್ಚಿ ಬಿಸಿಲಿಗೆ ಹಿಡಿಯಿರಿ. ಒಂದೂವರೆ ವೋಲ್ಟಿನ ಹತ್ತಿರ ತೋರಿಸುತ್ತದೆ. ಬೆಳಕು ಕೊಡಲು ಮಾಡಿದ ಸಾಧನವೇ ಸೋಲಾರ್ ಸೆಲ್ ಆಗಿ ನಡೆಯುತ್ತದೆ. ಆಮೇಲೆ ಕೋಣೆ ಕತ್ತಲು ಮಾಡಿ, ನೀಲಿ ಎಲ್‌ಇಡಿ ಹೊತ್ತಿಸಿ ಅದರ ತಲೆಯನ್ನು ಕೆಂಪಿನ ತಲೆಗೆ ತಾಗಿಸಿ. ವೋಲ್ಟೇಜ್ ಬರುತ್ತದೆ. ಈಗ ಉಲ್ಟಾ ಮಾಡಿ, ಕೆಂಪು ಹೊತ್ತಿಸಿ ನೀಲಿಯ ಮೇಲೆ ಬಿಡಿ. ಏನೂ ಬರುವುದಿಲ್ಲ. ಕೆಂಪು ಫೋಟಾನ್ 2 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು, ನೀಲಿ ಎಲ್‌ಇಡಿಯ ಅಂತರ 2.7 ರ ಹತ್ತಿರ. ಎಲೆಕ್ಟ್ರಾನನ್ನು ಎತ್ತಲು ಸಾಲದು, ಜೋಡಿಯೇ ಹುಟ್ಟುವುದಿಲ್ಲ.

ಏಲಕ್ಕಿನಾಡು (ಹಾವೇರಿ):

ನಿಮಗೆಲ್ಲ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ. ಬೋರ್ ಮಾದರಿಯ ಲೆಕ್ಕವನ್ನು ನಾಳೆಯೇ ಬೋರ್ಡಿನ ಮೇಲೆ ಹಾಕುತ್ತೇನೆ, 12.9 ರ ವರ್ಗ ಮಕ್ಕಳೇ ತೆಗೆಯಲಿ. ಎಲ್‌ಇಡಿ ಪ್ರಯೋಗಕ್ಕೆ ಒಂದು ಅನುಮಾನ. ನಮ್ಮ ಲ್ಯಾಬಿನ ಮೀಟರ್ ಹಳೆಯದು, ಮುಳ್ಳು ಇರುವಂಥದ್ದು. ಅದು ನಡೆಯುತ್ತಾ?

ಕಪ್ಪತಗುಡ್ಡ (ಗದಗ):

ಮುಳ್ಳಿನ ಮೀಟರ್ ಬೇಡ ಸರ್. ಎಲ್‌ಇಡಿ ಚಿಪ್ ಸಾಸಿವೆಗಿಂತ ಸಣ್ಣದು, ಅದರಿಂದ ಬರುವ ಕರೆಂಟ್ ಮೈಕ್ರೊ ಆಂಪಿಯರ್ ಲೆಕ್ಕದ್ದು. ಮುಳ್ಳಿನ ಮೀಟರ್ ಅಷ್ಟನ್ನೂ ತಾನೇ ಎಳೆದುಕೊಳ್ಳುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಡಿಜಿಟಲ್ ಮೀಟರ್‌ನ ಒಳ ಪ್ರತಿರೋಧ ಜಾಸ್ತಿ, ಒಳ್ಳೆಯದಾದರೆ 10 ಮೆಗಾ ಓಮ್ ಇರುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಡಿಮೆ ಬೆಲೆಯದ್ದೇ ತನ್ನಿ, ಈ ಕೆಲಸಕ್ಕೆ ಸಾಕು. ಮತ್ತೆ ಆ ಹುಡುಗಿಯ ಹೊಲದ ಪ್ಯಾನಲ್ ಹಿಂದಿನ ಚೀಟಿಯ ಫೋಟೊ ತರಲು ಹೇಳಿ. ಪ್ಲಸ್ ಮತ್ತು ಮೈನಸ್ ಎರಡೂ ಅದರಲ್ಲೇ ಇರುತ್ತವೆ, ಕ್ಲಾಸಿನಲ್ಲಿ ಓದಿಸಬಹುದು.